ಸವೆದ ಸೀರೆಗೆ ಕೌದಿ, ಉಳಿದ ಚೂರಿಗೆ ಹಿತ್ತಲ ಮಡಕೆ

ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರೆ ಮೊದಲು ಕೈ ಹಾಕುವುದು ಜರಿ ಸೀರೆಗೆ. ಹತ್ತು ವರ್ಷ ಉಟ್ಟು, ಒಗೆದು, ಸೆರಗು ಹರಿದ ಹತ್ತಿ ಸೀರೆಯನ್ನು ಮುಟ್ಟಿ ನೋಡಿ ಪಕ್ಕಕ್ಕೆ ಸರಿಸುತ್ತಾರೆ. ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆಯೇ ಕೌದಿ. ಅದಕ್ಕೆ ಬೇಕಾದದ್ದು ಅವರು ಸರಿಸಿದ ಆ ಸೀರೆಯೇ.

ಹಳೇ ಸಾಮಾನಿನಿಂದ ಏನಾದರೂ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ಅಂಗಡಿಯಲ್ಲಿ ಕೊಳ್ಳುವ ಯಾವ ವಸ್ತು ತಪ್ಪುತ್ತದೆ? ಖಾಲಿ ಬಾಟಲಿಗೆ ಬಣ್ಣ ಬಳಿದು, ಮಣಿ ಅಂಟಿಸಿ ಶೋಕೇಸಿನಲ್ಲಿಟ್ಟರೆ ಏನೂ ತಪ್ಪುವುದಿಲ್ಲ. ಬಣ್ಣ, ಅಂಟು, ಮಣಿಯ ಖರ್ಚು ಮೇಲೆ ಬೀಳುತ್ತದೆ. ಕೌದಿಯಿಂದ ಹೊದಿಕೆ ಕೊಳ್ಳುವುದು ತಪ್ಪುತ್ತದೆ, ಎಣ್ಣೆ ಡಬ್ಬಿಯಿಂದ ಕಾಳಿನ ಡ್ರಮ್ಮು. ಆದ್ದರಿಂದ ಇಲ್ಲಿ ಹೇಳುವುದು ಅಂಥವನ್ನು ಮಾತ್ರ.

ಕೌದಿ: ಬಟ್ಟೆ ಆರಿಸುವುದು

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಕೌದಿ ಬಲ್ಲವರು ಈಗಲೂ ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿಯೇ ಹತ್ತಿಯೋ ಪಾಲಿಯೆಸ್ಟರೋ ಹೇಳಿಬಿಡುತ್ತಾರೆ. ಅಷ್ಟು ಪಳಗದವರು ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಲಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ. ಎಳೆಯನ್ನು ಚಿಮಟದಲ್ಲಿ ಹಿಡಿಯಿರಿ, ಕರಗಿದ ಪಾಲಿಯೆಸ್ಟರ್ ಬೆರಳಿಗೆ ಅಂಟಿದರೆ ಬೊಬ್ಬೆ ಬರುತ್ತದೆ.

ಒಳಪದರಕ್ಕೆ ಪಾಲಿಯೆಸ್ಟರ್ ಬೇಡ. ಅದು ಬೆವರು ಹೀರುವುದಿಲ್ಲ, ಹತ್ತಿಯ ಮೇಲೆ ಜಾರುತ್ತದೆ, ಹೊಲಿಗೆ ಓರೆಯಾಗುತ್ತದೆ. ಹೊಸ ಹತ್ತಿ ಬಟ್ಟೆಯೂ ಬೇಡ. ಅದು ಮೊದಲ ಒಗೆತಕ್ಕೆ ಕುಗ್ಗಿ ಸುತ್ತಲಿನ ಹಳೇ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ. ಹಳೇ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುವುದೇ ಅದರ ಗುಣ. ಮೊಳಕಾಲ್ಮೂರು ರೇಷ್ಮೆ ಸೀರೆ ಮಡಿಕೆಯಲ್ಲಿ ಸೀಳಿದೆ ಎಂದು ಕೌದಿಗೆ ಹಾಕಬೇಡಿ, ಜರಿ ಮೈಗೆ ಚುಚ್ಚುತ್ತದೆ. ಹಳೇ ಜರಿಯಲ್ಲಿ ಬೆಳ್ಳಿ ಇರಬಹುದು, ತೂಕ ಮಾಡಿಸದೆ ಕತ್ತರಿ ಹಾಕಬಾರದು.

ಆರಿಸಿದ್ದನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ, ಒಗೆದು ಒಣಗಿಸಿ. ಗಂಜಿ ಉಳಿದರೆ ಪೆಟ್ಟಿಗೆಯಲ್ಲಿಟ್ಟಾಗ ಬೆಳ್ಳಿಮೀನು ಹುಳ ಬರುತ್ತದೆ. ಕೆಂಪು, ಕಡುನೀಲಿ ಬಟ್ಟೆಯ ಮೇಲೆ ಒದ್ದೆ ಬಿಳಿ ಚಿಂದಿಯನ್ನು ಒತ್ತಿ ಉಜ್ಜಿ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಗೆ ಬೇರೆ ಕೆಲಸ ಹುಡುಕಿ.

ಅಳತೆ

ಒಬ್ಬರು ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸಾಕು. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್ ಅಂದರೆ 18 ಅಡಿ ಉದ್ದ, 45 ಇಂಚು ಪನ್ನ. ಅದನ್ನು 5 ಅಡಿ 2 ಇಂಚಿನ 3 ತುಂಡು ಮಾಡಿ, ಎರಡೂವರೆ ಅಡಿ ಉಳಿಯುತ್ತದೆ. ಎರಡು ತುಂಡನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಒಂದು ಪದರ. ಜೋಡಣೆಗೆ ಇಂಚು ಹೋದರೂ ಏಳು ಅಡಿಗಿಂತ ಹೆಚ್ಚೇ ಸಿಗುತ್ತದೆ. ಹೀಗೆ 2 ಸೀರೆಗೆ 6 ತುಂಡು, 3 ಪದರ. ನಾಲ್ಕನೆಯದು ಮೇಲಿನ ತೇಪೆ ಪದರ. ಅದಕ್ಕೆ ಲುಂಗಿ, ಕುಬಸ, ಅಂಗಿಯ ಬೆನ್ನು ಭಾಗ, ಮಕ್ಕಳ ಸಮವಸ್ತ್ರ ಎಲ್ಲ ಆಗುತ್ತವೆ. ಚಳಿಗಾಲಕ್ಕೇ ಬೇಕೆಂದರೆ ಇನ್ನೊಂದು ಪದರ ಸೇರಿಸಿ. ಆರು ದಾಟಿದರೆ ಸೂಜಿ ತೂರುವುದಿಲ್ಲ. ಬಲವಂತ ಮಾಡಿದವರಿಗೆ ಬೆರಳಿನ ಪಾಡು ಸಂಜೆಗೆ ಗೊತ್ತಾಗುತ್ತದೆ.

ಸೀರೆ ಹರಿಯುವುದು ಹೆಚ್ಚಾಗಿ ಕೆಳಅಂಚಿನಲ್ಲಿ, ಹಿಮ್ಮಡಿ ತಾಗುವ ಕಡೆ. ಆ ತುಂಡು ನಡುವಿನ ಪದರಕ್ಕೆ ಹೋಗಲಿ. ಗಟ್ಟಿ ಇರುವುದು ತಳಕ್ಕೆ, ಏಕೆಂದರೆ ಹಾಸಿಗೆಗೆ ಉಜ್ಜುವುದು ಅದೇ.

ಹಾಸಿ ಹೊಲಿಯುವುದು

ಒಳಗೆ, ಫ್ಯಾನ್ ಆರಿಸಿ, ಗಚ್ಚಿನ ನೆಲದ ಮೇಲೆ ಹಾಸಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿಯಲ್ಲಿ ಮಾಳಿಗೆ ಮೇಲೆ ಈ ಕೆಲಸ ಸಾಗದು. ತಳದ ಪದರವನ್ನು ಬಿಗಿಯಾಗಿ, ಆದರೆ ಹಿಗ್ಗದಂತೆ ಹರಡಿ ನಾಲ್ಕು ಮೂಲೆಗೂ ಭಾರ ಇಡಿ. ಒಂದೊಂದೇ ಪದರ ಹಾಕುತ್ತ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಪದರಗಳ ಜೋಡಣೆ ಒಂದರ ಮೇಲೊಂದು ಬಂದರೆ ನಡುವೆ ದಿಂಡು ಏಳುತ್ತದೆ, ಒಂದನ್ನು ಬಲಕ್ಕೆ ಇನ್ನೊಂದನ್ನು ಎಡಕ್ಕೆ ಮೂರು ಬೆರಳು ಸರಿಸಿ. ಸರಿಸಿದಾಗ ತುದಿಯಲ್ಲಿ ಮಿಕ್ಕಿದ್ದನ್ನು ಕೊನೆಗೆ ಕತ್ತರಿಸಿದರಾಯಿತು.

ತೇಪೆ ಚೌಕವೇ ಆಗಬೇಕಿಲ್ಲ. ಒಂದರ ಮೇಲೊಂದು ಒಂದು ಇಂಚು ಹತ್ತುವಂತೆ ಇಟ್ಟು, ಮೇಲೆ ಕಾಣುವ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಿಸಿ. ಮಡಿಸದೆ ಬಿಟ್ಟ ಅಂಚು ಮೂರನೆಯ ಒಗೆತಕ್ಕೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಈಗ ಕಚ್ಚಾ ಹೊಲಿಗೆ. ಇದನ್ನು ಬಿಟ್ಟವರ ಕೌದಿ ಕೆಟ್ಟೇ ಕೆಡುತ್ತದೆ. ನಡುವಿನಿಂದ ಶುರು ಮಾಡಿ ನಾಲ್ಕು ದಿಕ್ಕಿಗೆ, ಆಮೇಲೆ ನಾಲ್ಕು ಮೂಲೆಗೆ, ಎರಡು ಇಂಚಿನ ಉದ್ದುದ್ದ ಹೊಲಿಗೆ ಹಾಕಿ. ಅಸಲಿ ಹೊಲಿಗೆಯನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಬರುತ್ತಾರೆ. ಆಗ ಸಡಿಲ ಬಟ್ಟೆಯೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಕಚ್ಚಾ ಹೊಲಿಗೆ ಅದನ್ನು ಅಲ್ಲಲ್ಲೇ ಹಿಡಿದಿಡುತ್ತದೆ. ಇದಕ್ಕೆ ದಾರ ಕೊಳ್ಳಬೇಡಿ. 25 ಕಿಲೋ ಅಕ್ಕಿ ಚೀಲದ ಬಾಯಿ ಹೊಲಿದ ದಾರ ಸಾಕು. ಅದು ಸರಪಣಿ ಹೊಲಿಗೆ, ಒಂದು ತುದಿಯಿಂದ ಮಾತ್ರ ಬಿಚ್ಚುತ್ತದೆ. ಗಂಟು ಕತ್ತರಿಸಿ ಎಳೆಯಿರಿ, ಬಾರದಿದ್ದರೆ ಇನ್ನೊಂದು ತುದಿಯಿಂದ. ಸರಿಯಾದ ತುದಿ ಸಿಕ್ಕರೆ ಸರ್ರನೆ ಪೂರ್ತಿ ಬರುತ್ತದೆ.

ಅಂಚನ್ನು ಸುತ್ತ ಒಂದು ಇಂಚು ಒಳಕ್ಕೆ ಮಡಿಸಿ, ದಪ್ಪ ಹತ್ತಿ ದಾರವನ್ನು ಎರಡೆಳೆ ಮಾಡಿ ಓಡು ಹೊಲಿಗೆ ಹಾಕುತ್ತ ಬನ್ನಿ. ಹೊಲಿಗೆ ಕಾಲು ಇಂಚು, ಸಾಲಿನಿಂದ ಸಾಲಿಗೆ ಎರಡು ಬೆರಳು. ಸಾಲು ನಾಲ್ಕು ಬೆರಳಾದರೆ ಬೇಗ ಮುಗಿಯುತ್ತದೆ ನಿಜ, ಆದರೆ ಒಗೆದಾಗ ಒಳಗಿನ ಸವೆದ ಪದರ ಹರಿದು ಮುದ್ದೆಯಾಗುತ್ತದೆ. ಎರಡು ಬೆರಳಿನ ಲೆಕ್ಕದಲ್ಲಿ ಸುಮಾರು 40 ಸಾಲಿನಷ್ಟು ಹೊಲಿಗೆ, ಎರಡೆಳೆಗೆ ಸುಮಾರು 200 ಮೀಟರ್ ದಾರ ಬೇಕು. ಸೂಜಿಗೆ ಒಮ್ಮೆಗೆ ಎರಡು ಮೊಳಕ್ಕಿಂತ ಉದ್ದ ಪೋಣಿಸಿದರೆ ಸಿಕ್ಕಾಗುತ್ತದೆ. ಎಡಗೈ ಕೆಳಗಿದ್ದು ಸೂಜಿಯ ಮೊನೆ ಪ್ರತಿ ಸಲ ತಳದವರೆಗೆ ಬಂತೇ ಎಂದು ಬೆರಳಲ್ಲೇ ನೋಡಬೇಕು, ಇಲ್ಲದಿದ್ದರೆ ತಳದ ಪದರ ಜೋತುಬೀಳುತ್ತದೆ. ಬಲಗೈ ನಡುಬೆರಳಿಗೆ ಅಂಗುಸ್ತಾನ ಇರಲಿ. ದಾರ ಎಳೆಯುವಾಗ ಬಟ್ಟೆ ನೆರಿಗೆ ಕಟ್ಟಿದರೆ ಕೈ ಬಿಗಿಯಾಯಿತು ಎಂದರ್ಥ. ಹತ್ತು ಹೊಲಿಗೆಗೊಮ್ಮೆ ಹೆಬ್ಬೆರಳಿನಿಂದ ಸಾಲನ್ನು ಸವರಿ ಬಿಡಿಸಿ.

ದಿನಕ್ಕೆ ಎರಡು ತಾಸು ಕೂತರೂ ಮೂರು ನಾಲ್ಕು ವಾರದ ಕೆಲಸ. ಅಷ್ಟು ಪುರುಸೊತ್ತಿಲ್ಲದವರು ಬಟ್ಟೆ, ದಾರ ಕೊಟ್ಟು ಕೂಲಿಗೆ ಹೊಲಿಸಬಹುದು. ಅವರಿಗೆ ಕೂಲಿ ಚೌಕಾಸಿ ಮಾಡುವ ಮುನ್ನ ಒಂದು ಸಾಲು ತಾವೇ ಹೊಲಿದು ನೋಡುವುದು ಒಳ್ಳೆಯದು. ಮಿಷನ್ನಿನಲ್ಲಿ ಹೊಲಿದ ಕೌದಿ ರಟ್ಟಿನಂತೆ ಬಿರುಸಾಗುತ್ತದೆ. ಕೈಹೊಲಿಗೆ ಒಗೆದಷ್ಟೂ ಮೆತ್ತಗಾಗುತ್ತದೆ.

ಒಣಗಿದಾಗ ಒಂದೂವರೆ ಕಿಲೋ ಇರುವ ಕೌದಿ ನೀರು ಕುಡಿದರೆ ಮೂರು ಪಟ್ಟಾಗುತ್ತದೆ. ತಂತಿಯ ಮೇಲೆ ಒಂದೇ ಮಡಿಕೆಯಲ್ಲಿ ನೇತು ಹಾಕಿದರೆ ಹೊಲಿಗೆ ಜಗ್ಗಿ ಕಡಿಯುತ್ತದೆ. ಮಾರ್ನಮಿಗೆ ಹೊಳೆಗೆ, ಚಾನಲ್ಲಿಗೆ ಒಯ್ದು ಒಗೆಯುವವರು ಕಲ್ಲಿನ ಮೇಲೆ, ದಂಡೆಯ ಮೇಲೆ ಹರಡಿ ಒಣಗಿಸುವುದು ಇದಕ್ಕೇ.

ಎಣ್ಣೆ ಡಬ್ಬಿ

ಎಣ್ಣೆ ಗಿರಣಿಗಳ ಊರು ಚಳ್ಳಕೆರೆ ಹತ್ತಿರವಿರುವ ಈ ದಾವಣಗೆರೆ-ಚಿತ್ರದುರ್ಗ ಸೀಮೆಯಲ್ಲಿ 15 ಕಿಲೋ ತಗಡಿನ ಡಬ್ಬಿಗೆ ಬರವಿಲ್ಲ. ಮನೆಯಲ್ಲಿಲ್ಲದಿದ್ದರೆ ಹೋಟೆಲಿನಲ್ಲಿ, ಗುಜರಿಯಲ್ಲಿ ಸಿಗುತ್ತದೆ. ಒಂದು ಡಬ್ಬಿಗೆ 13-14 ಕಿಲೋ ರಾಗಿ ಹಿಡಿಯುತ್ತದೆ. ಇಲಿ ಕಡಿಯುವುದಿಲ್ಲ ಎಂಬುದು ಪ್ಲಾಸ್ಟಿಕ್ ಡ್ರಮ್ಮಿಗಿಲ್ಲದ ಅನುಕೂಲ.

ಮೇಲಿನ ತಗಡನ್ನು ಅಂಚಿನಿಂದ ಅರ್ಧ ಇಂಚು ಬಿಟ್ಟು ಉಳಿಯಿಂದ ಕತ್ತರಿಸಿ. ಉಳಿದ ಅರ್ಧ ಇಂಚನ್ನು ಇಕ್ಕಳದಲ್ಲಿ ಒಳಕ್ಕೆ ಬಾಗಿಸಿ, ಸುತ್ತಿಗೆಯಲ್ಲಿ ಗೋಡೆಗೆ ಅಂಟುವಂತೆ ಬಡಿಯಿರಿ. ಬಡಿಯದೆ ಬಿಟ್ಟರೆ ಕಾಳು ತೆಗೆಯುವ ಕೈ ಕುಯ್ದುಕೊಳ್ಳುತ್ತದೆ. ಒಳಗೆ ಒಣಬೂದಿ ಹಾಕಿ ಉಜ್ಜಿ ಎಣ್ಣೆ ಹೀರಿಸಿ, ಆಮೇಲೆ ಕುದಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ತೊಳೆಯಿರಿ. ಮೂಲೆಯ ಮಡಿಕೆಯಲ್ಲಿ ಎಣ್ಣೆ ಉಳಿದರೆ ತಿಂಗಳಲ್ಲಿ ಕಮಟು ಹಿಡಿದು ಹಿಟ್ಟಿಗೂ ವಾಸನೆ ಹತ್ತುತ್ತದೆ. ಎರಡು ದಿನ ಬಿಸಿಲಿಗೆ ಬೋರಲು ಹಾಕಿ. ಉಪ್ಪು, ಹುಣಸೆಹಣ್ಣು, ಉಪ್ಪಿನಕಾಯಿ ಇದರಲ್ಲಿ ಇಡಬಾರದು, ತಗಡು ತೂತಾಗುತ್ತದೆ. ಪೇಂಟ್, ಟರ್ಪೆಂಟೈನ್ ಇದ್ದ ಡಬ್ಬಿ ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ. ಅದನ್ನು ಕತ್ತರಿಸಬೇಡಿ, ಬೆಂಕಿ ಹತ್ತಿರ ಒಯ್ಯಬೇಡಿ, ಅಡಿಗೆಮನೆಗಂತೂ ತರಲೇಬೇಡಿ.

ಬಿಚ್ಚಿದ ಅಕ್ಕಿ ಚೀಲಗಳನ್ನು ಜೋಡಿಸಿ ಸಂಡಿಗೆ, ಮೆಣಸಿನಕಾಯಿ ಒಣಗಿಸುವ ತಾಡಪಾಲು ಮಾಡಬಹುದು. ಆದರೆ ಬಿಸಿಲಿಗೆ ಆ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಚೂರುಚೂರಾಗಿ ಉದುರುತ್ತದೆ. ಮೇಲೆ ಹಳೇ ಪಂಚೆ ಹಾಸಿ, ಸಂಜೆಗೆ ಸುತ್ತಿ ಒಳಗಿಡಿ.

ತಣ್ಣಗೆ ಮಾಡದ ಮಡಕೆ

ಎರಡು ಬೇಸಿಗೆ ಕಳೆದ ಕುಡಿಯುವ ನೀರಿನ ಮಡಕೆ ಮೊದಲಿನಷ್ಟು ತಣ್ಣಗೆ ಮಾಡುವುದಿಲ್ಲ. ಬೋರ್‌ವೆಲ್ ನೀರಿನ ಉಪ್ಪು, ಸುಣ್ಣ ಅದರ ಸಣ್ಣ ರಂಧ್ರಗಳಲ್ಲಿ ಕಟ್ಟಿಕೊಂಡಿರುತ್ತದೆ, ಹೊರಮೈಯಲ್ಲಿ ಬಿಳಿ ಪೊರೆ ಕಾಣುತ್ತದೆ. ಅದನ್ನು ಹಿತ್ತಲಲ್ಲಿ ಹೂತು ಗಿಡದ ಬೇರಿಗೆ ನೀರುಣಿಸಬಹುದು, ಆದರೆ ಹಾಗೆಯೇ ಹೂತರೆ ಮಣ್ಣಿಗೂ ನೀರು ಜಿನುಗುವುದಿಲ್ಲ. ರಾತ್ರಿಯಿಡೀ ಹುಣಸೆ ನೀರಿನಲ್ಲಿ ನೆನೆಸಿ ತೆಂಗಿನ ನಾರಿನಿಂದ ಉಜ್ಜಿ, ನೀರು ತುಂಬಿ ನೆರಳಲ್ಲಿಡಿ. ಬೆಳಗ್ಗೆ ಹೊರಮೈ ತೇವವಾಗಿದ್ದರೆ ಸರಿ.

ಆಗಿಲ್ಲವೋ, ಕೌದಿಯ ಸೀರೆಯಿಂದ ಉಳಿದ ಎರಡೂವರೆ ಅಡಿ ತುಂಡು ತೆಗೆಯಿರಿ. ಮಡಕೆಯ ತಳಕ್ಕೆ ಮೊಳೆಯನ್ನು ಬಡಿಯದೆ ತಿರುಗಿಸಿ ತಿರುಗಿಸಿ ಬತ್ತಿ ಗಾತ್ರದ ತೂತು ಮಾಡಿ. ಬಡಿದರೆ ಸೀಳುತ್ತದೆ. ಬಟ್ಟೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು, ಹೊಸೆದು, ಒಳಗೊಂದು ಗಂಟು ಹಾಕಿ, ಬಿಗಿಯಾಗಿ ತೂರಿಸಿ ಒಂದು ಗೇಣು ಹೊರಗೆ ಬಿಡಿ. ಪಾಲಿಯೆಸ್ಟರ್ ಪಟ್ಟಿಯಾದರೆ ನೀರನ್ನು ಹತ್ತಿಯಷ್ಟು ಹೀರಿ ಸಾಗಿಸುವುದಿಲ್ಲ.

ಕಂಠ ಮಣ್ಣಿನಿಂದ ಒಂದು ಇಂಚು ಮೇಲೆ ಇರುವಂತೆ ಹೂತು, ಬತ್ತಿಯನ್ನು ಬೇರಿನ ಕಡೆಗೆ ಚಾಚಿ, ಗೇಣಿನ ದೂರದಲ್ಲಿ ಸುತ್ತ ನಾಲ್ಕು ಬದನೆಯೋ ಮೆಣಸಿನ ಗಿಡವೋ ನೆಡಿ. ಬಾಯಿಗೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯ ಕಡೆ ಮೇಲಿನಿಂದ ಸುರಿದ ನೀರು ಗಿಡಕ್ಕಿಂತ ಬಿಸಿಲಿಗೇ ಹೆಚ್ಚು ಹೋಗುತ್ತದೆ, ಹೂತ ಮಡಕೆಯದು ಬೇರಿಗೆ ಹೋಗುತ್ತದೆ. ಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಮಾತ್ರ ಇದಕ್ಕೆ ಸುರಿಯಬೇಡಿ, ಅದರ ಉಪ್ಪಿಗೆ ರಂಧ್ರ ಮತ್ತೆ ಮುಚ್ಚುತ್ತದೆ. ಆ ನೀರು ನೆಲ ಒರೆಸಲು, ಕಕ್ಕಸಿಗೆ ಸರಿ. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಮೂರು ಲೀಟರಿನಲ್ಲಿ ಒಂದು ಲೀಟರ್ ಶುದ್ಧವಾಗಿ ಬಂದರೆ ಮೂರರ ಫ್ಲೋರೈಡ್ ಹೆಚ್ಚುಕಡಿಮೆ ಪೂರ್ತಿ ಉಳಿದ ಎರಡರಲ್ಲಿ ಇರುತ್ತದೆ, ಅಂದರೆ ಒಂದೂವರೆ ಪಟ್ಟು. ದನಕರುವಿಗೂ ಅದನ್ನು ಕುಡಿಸಬಾರದು.

ಹಿತ್ತಲಲ್ಲಿ ನೀರು ತುಂಬಿಡಲು ಡ್ರಮ್ಮು ಹುಡುಕುವವರು ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ ತನ್ನಿ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನ ಒಳಗೆ ಮೈಲುತುತ್ತದ ನೀಲಿ ಕಲೆ ಉಳಿದಿರುತ್ತದೆ, ಕಂಡರೆ ಬಿಡಿ. ಕೀಟನಾಶಕದ ಕ್ಯಾನಿನಲ್ಲಿ ಕಲೆಯೂ ಕಾಣುವುದಿಲ್ಲ, ಹತ್ತು ಸಲ ತೊಳೆದರೂ ಪ್ಲಾಸ್ಟಿಕ್ಕಿಗೆ ಇಳಿದ ವಿಷ ಹೋಗುವುದಿಲ್ಲ. ಅಂಥದ್ದಕ್ಕೆ ತೂತು ಮಾಡಿ ಬಿಡಿ, ಇನ್ನೊಬ್ಬರು ನೀರಿಗೆಂದು ಎತ್ತಿಕೊಂಡು ಹೋಗದ ಹಾಗೆ.