ಕೂಲಿಂಗ್ ಗ್ಲಾಸ್ ಕೊಳ್ಳುವಾಗ ಮೊದಲು ಕಡ್ಡಿಯ ಒಳಬದಿ ನೋಡಿ

ದಪ್ಪ ಅಸಿಟೇಟ್ (ಹಾಳೆಯಿಂದ ಕತ್ತರಿಸಿ ಮಾಡುವ ಪ್ಲಾಸ್ಟಿಕ್) ಫ್ರೇಮು, ಕಿರಿದಾದ ಅಂಡಾಕಾರ, ತುದಿ ಮೇಲೆದ್ದ ಕ್ಯಾಟ್-ಐ, ತೆಳುಬಣ್ಣದ ಲೆನ್ಸು: ಇವು ಬರುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ. ರೇ-ಬ್ಯಾನ್‌ನ ಏವಿಯೇಟರ್ ಮಾದರಿ 1937ರದು, ವೇಫೇರರ್ 1952ರದು. ಎರಡೂ ಇನ್ನೂ ಮಾರಾಟವಾಗುತ್ತಿವೆ. ಫ್ಯಾಷನ್ ಯಾವುದೇ ಇರಲಿ, ಅಳತೆ ತಪ್ಪಿದ ಫ್ರೇಮು ಯಾರ ಮುಖಕ್ಕೂ ಒಪ್ಪುವುದಿಲ್ಲ.

ಕಡ್ಡಿಯ, ಅಂದರೆ ಕಿವಿಗೆ ಸಿಕ್ಕಿಸುವ ಕಾಲಿನ, ಒಳಬದಿಯಲ್ಲಿ 52□18 145 ಎಂಬಂಥ ಸಂಖ್ಯೆ ಇರುತ್ತದೆ. 52 ಒಂದು ಲೆನ್ಸಿನ ಅಗಲ, 18 ಮೂಗಿನ ಮೇಲಿನ ಸೇತುವೆ, 145 ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮನೆಯಲ್ಲಿ ಹಿತವಾಗಿ ಕೂರುವ ಹಳೆಯ ಕನ್ನಡಕವಿದ್ದರೆ ಅದರ ಸಂಖ್ಯೆ ಬರೆದುಕೊಂಡು ಹೋಗಿ. ಲೆನ್ಸಿನ ಅಗಲ 2 ಮಿ.ಮೀ. ಆಚೀಚೆ ಆದರೆ ನಡೆಯುತ್ತದೆ, ಸೇತುವೆಯಲ್ಲಿ ಅಷ್ಟು ಸಡಿಲ ಬೇಡ. ಲೋಹದ ಫ್ರೇಮಿಗಾದರೆ ಮೂಗಿನ ಪ್ಯಾಡನ್ನು ಒಳಗೆ ಹೊರಗೆ ಬಾಗಿಸಬಹುದು. ಅಸಿಟೇಟ್‌ನಲ್ಲಿ ಸಾಮಾನ್ಯವಾಗಿ ಸೇತುವೆ ಹೇಗಿದೆಯೋ ಹಾಗೆಯೇ. ಮೂಗಿನ ದಿಂಡು ತಗ್ಗಾಗಿರುವವರು ಪ್ಯಾಡ್ ಇರುವುದನ್ನೇ ಆರಿಸಿದರೆ ಒಳ್ಳೆಯದು.

ಹಾಕಿಕೊಂಡು ನೆಲ ನೋಡಿ ತಲೆ ಅಲ್ಲಾಡಿಸಿ. ಜಾರಿದರೆ ಬೇಡ. ಅಗಲವಾಗಿ ನಗಿ. ಕೆನ್ನೆ ಫ್ರೇಮನ್ನು ಮೇಲಕ್ಕೆತ್ತಿದರೆ ಲೆನ್ಸು ನಿಮಗೆ ಎತ್ತರವಾಯಿತು. ಬೇಸಿಗೆಯಲ್ಲಿ ಅಲ್ಲೇ ಬೆವರು ನಿಂತು ಲೆನ್ಸಿಗೆ ಮೆತ್ತುತ್ತದೆ. ರೆಪ್ಪೆಗೂದಲು ತಾಗಬಾರದು. ಕಡ್ಡಿ ಕಿವಿ ದಾಟುತ್ತಿದ್ದಂತೆ ಬಾಗಬೇಕು: ಬಾಗು ತೀರಾ ಹಿಂದಿದ್ದರೆ ಜಾರುತ್ತದೆ, ಮುಂದಿದ್ದರೆ ಕಿವಿಯ ಹಿಂದೆ ಒತ್ತಿ ನೋಯುತ್ತದೆ. ಇದನ್ನು ಅಂಗಡಿಯವರು ಬಿಸಿ ಮಾಡಿ ಸರಿಪಡಿಸಿಕೊಡುತ್ತಾರೆ. ಅಸಿಟೇಟನ್ನು ತಣ್ಣಗಿರುವಾಗ ಬಾಗಿಸಲು ಹೋದರೆ ಬಿರುಕು ಬಿಡುತ್ತದೆ, ಮನೆಯಲ್ಲಿ ಪ್ರಯತ್ನಿಸಬೇಡಿ. ಬೈಕ್ ಓಡಿಸುವವರು ಹೆಲ್ಮೆಟ್ ಒಯ್ದು, ಅದನ್ನು ಹಾಕಿಕೊಂಡೇ ನೋಡಬೇಕು. ದಪ್ಪ ಕಡ್ಡಿ ಕಣತಲೆಗೆ ಒತ್ತಿ ಅರ್ಧ ಗಂಟೆಯಲ್ಲಿ ತಲೆನೋವು ತರುತ್ತದೆ; ತೆಳು, ನೇರ ಕಡ್ಡಿ ಸಲೀಸಾಗಿ ಒಳಗೆ ಹೋಗುತ್ತದೆ.

ಇನ್ನು ಲೆನ್ಸು. ಕಪ್ಪಗಿದ್ದರೆ ಕಣ್ಣಿಗೆ ರಕ್ಷಣೆ ಎಂಬ ನಂಬಿಕೆ ತಪ್ಪು, ಅಪಾಯ ಕೂಡ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಲೆನ್ಸು ನೇರಳಾತೀತ ಕಿರಣವನ್ನು ತಡೆಯದಿದ್ದರೆ ಅದು ಇನ್ನಷ್ಟು ಒಳಗೆ ಇಳಿಯುತ್ತದೆ. ಯುವಿ400 ಎಂದಿರಲಿ, ಅಂದರೆ 400 ನ್ಯಾನೋಮೀಟರ್‌ವರೆಗಿನ ಕಿರಣಕ್ಕೆ ತಡೆ. ಅಂಗಡಿಯಲ್ಲಿ ಯುವಿ ಮೀಟರ್ ಇದ್ದರೆ ಎದುರಿಗೇ ಪರೀಕ್ಷೆ ಮಾಡಿಸಿ. ಕಪ್ಪಿನ ಪ್ರಮಾಣಕ್ಕೆ 0ಯಿಂದ 4ರವರೆಗೆ ಕ್ಯಾಟಗರಿ ಇದೆ. ನಮ್ಮ ಬಿಸಿಲಿಗೆ 3 ಸರಿ, ಅದು ಬೆಳಕಿನ ಶೇ. 8ರಿಂದ 18ರಷ್ಟನ್ನು ಮಾತ್ರ ಒಳಬಿಡುತ್ತದೆ. 4 ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ತೆಳುಬಣ್ಣದ ಫ್ಯಾಷನ್ ಲೆನ್ಸುಗಳು ಹೆಚ್ಚಾಗಿ 1ರವು: ಸಂಜೆಯ ಸಮಾರಂಭಕ್ಕೆ ಚೆಂದ, ಮಧ್ಯಾಹ್ನದ ರಸ್ತೆಗೆ ಸಾಲದು.

ಪೋಲರೈಸ್ಡ್ (ಪ್ರತಿಫಲಿಸುವ ಹೊಳಪನ್ನು ತಡೆಯುವ ಲೆನ್ಸು) ಎಂದು ಹೇಳಿ ಕೊಟ್ಟರೆ ಇನ್ನೊಂದು ಪೋಲರೈಸ್ಡ್ ಕನ್ನಡಕ ಕೇಳಿ, ಎರಡರ ಲೆನ್ಸನ್ನೂ ಒಂದರ ಮೇಲೊಂದು ಹಿಡಿದು ಒಂದನ್ನು ಕಾಲು ಸುತ್ತು ತಿರುಗಿಸಿ. ನಿಜವಾದದ್ದಾದರೆ ಕತ್ತಲಾಗುತ್ತದೆ. ಒದ್ದೆ ರಸ್ತೆ, ಕಡಲು, ಕೆರೆಯ ನೀರಿನ ಹೊಳಪಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಕೆಲವು ಮೊಬೈಲ್, ಡ್ಯಾಶ್‌ಬೋರ್ಡ್ ಪರದೆಗಳು ಕಪ್ಪಾಗಿ ಕಾಣುತ್ತವೆ, ಕೊಳ್ಳುವ ಮೊದಲೇ ನಿಮ್ಮ ಫೋನ್ ನೋಡಿ.

ಪವರ್ ಇಲ್ಲದ ಲೆನ್ಸಾದರೆ ತೋಳುದ್ದ ಹಿಡಿದು ಅದರ ಮೂಲಕ ಬಾಗಿಲ ಚೌಕಟ್ಟಿನ ನೇರ ಗೆರೆ ನೋಡುತ್ತ ನಿಧಾನವಾಗಿ ಸರಿಸಿ. ಗೆರೆ ಬಳುಕಿದರೆ ಲೆನ್ಸು ಕಳಪೆ. ಮೈನಸ್ ಪವರ್ ಜಾಸ್ತಿ ಇರುವವರಿಗೆ ದೊಡ್ಡ ಫ್ರೇಮ್ ಹೊಂದುವುದಿಲ್ಲ: ಅಂಚು ದಪ್ಪವಾಗಿ ಹೊರಗೆ ಚಾಚುತ್ತದೆ. ಚಿಕ್ಕ ಫ್ರೇಮು, 1.67 ಇಂಡೆಕ್ಸ್‌ನಂಥ (ಬೆಳಕನ್ನು ಬಾಗಿಸುವ ಶಕ್ತಿಯ ಸಂಖ್ಯೆ; ಹೆಚ್ಚಿದಷ್ಟೂ ಲೆನ್ಸು ತೆಳು) ತೆಳು ಲೆನ್ಸು ಕೇಳಿ.

ಬ್ರ್ಯಾಂಡ್ ಹೆಸರಿಗೆ ಎಷ್ಟು ಕೊಡಬೇಕು ಎಂಬುದು ನಿಮ್ಮ ಇಷ್ಟ. ಪ್ರಾಡಾ, ಶನೆಲ್ ಕನ್ನಡಕಗಳನ್ನು ಪರವಾನಗಿ ಪಡೆದು ತಯಾರಿಸುವುದು ಕನ್ನಡಕದ ಕಂಪನಿ ಎಸಿಲೋರ್‌ಲಕ್ಸೋಟಿಕಾ. ರೇ-ಬ್ಯಾನ್ ಕೂಡ ಅದರದ್ದೇ. ಕೈಗೆ ಬಂದ ಫ್ರೇಮನ್ನೇ ಪರೀಕ್ಷಿಸಿ: ಅಂಚಿನಲ್ಲಿ ಅಚ್ಚಿನ ಗೆರೆ ಕಂಡರೆ ಅದು ಅಚ್ಚಿಗೆ ಸುರಿದ ಪ್ಲಾಸ್ಟಿಕ್. ಅಸಿಟೇಟ್ ಆದರೆ ಬಣ್ಣ ದಪ್ಪದುದ್ದಕ್ಕೂ ಇರುತ್ತದೆ, ಪಾರದರ್ಶಕ ಕಡ್ಡಿಯ ಒಳಗೆ ಲೋಹದ ತಂತಿಯೂ ಕಾಣುತ್ತದೆ.

ಧೂಳಿದ್ದ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸಿದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಮೊದಲು ನಲ್ಲಿ ನೀರಿಗೆ ಹಿಡಿದು, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಬೆರಳಿನಿಂದ ಸವರಿ ತೊಳೆದು, ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಫ್ರೇಮು ಸೊಟ್ಟಗಾಗಿ ಲೆನ್ಸಿನ ಲೇಪನ ಬಿರಿಯುತ್ತದೆ. ಹಿಂಜ್‌ನ ಸ್ಕ್ರೂ ಪದೇ ಪದೇ ಸಡಿಲವಾಗುತ್ತಿದ್ದರೆ ಬಿಗಿ ಮಾಡಿ, ಸ್ಕ್ರೂವಿನ ತಲೆಯ ಮೇಲೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ಚುಕ್ಕೆ ಇಟ್ಟು ಒಣಗಲು ಬಿಡಿ.