ಭರಣಿಯಿಂದ ಮೃಗಶಿರದವರೆಗೆ: ಗುಡುಗಿನ 40 ದಿನಕ್ಕೆ ಮನೆ ಸಜ್ಜು ಮಾಡಿಕೊಳ್ಳುವುದು ಹೇಗೆ

ಮಧ್ಯಾಹ್ನ ಎರಡು ಗಂಟೆಗೆ ಅಂಗಳದಲ್ಲಿ ಕಾಲಿಡೋಕೆ ಆಗುವುದಿಲ್ಲ. ಸಂಜೆ ಐದಕ್ಕೆ ಅದೇ ಅಂಗಳದಲ್ಲಿ ಮಕ್ಕಳು ಆಲಿಕಲ್ಲು ಆಯುತ್ತಿರುತ್ತಾರೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ, ಮೇ 11ರ ಹೊತ್ತಿಗೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ. ಅಷ್ಟರಲ್ಲಿ ಮುಂಗಾರು ಬಂದು ಗಾಳಿ ತಣ್ಣಗಾಗುತ್ತದೆ. ನಡುವಿನ ಈ 40 ದಿನ ಇದೆಯಲ್ಲ, ನನ್ನ ಪ್ರಕಾರ ವರ್ಷದಲ್ಲೇ ಜಾಸ್ತಿ ಅಪಾಯದ ದಿನಗಳು ಇವು. ಜೋರು ಮಳೆಗಾಲಕ್ಕೆ ಎಲ್ಲರೂ ತಯಾರಾಗುತ್ತಾರೆ, ಬಿಸಿಲಿಗೂ ತಯಾರಾಗುತ್ತಾರೆ, ಇವೆರಡರ ಮಧ್ಯದ ಗಾಳಿ ಸಿಡಿಲಿಗೆ ಮಾತ್ರ ಯಾರೂ ಆಗುವುದಿಲ್ಲ.

ನಮ್ಮದು ತಿಪಟೂರು ಕಡೆ. ತೆಂಗಿನ ತೋಟದ ಮಧ್ಯೆ ಮನೆ. ಮೂರು ವರ್ಷದ ಹಿಂದೆ ಭರಣಿ ಮಳೆಗೆ ನಮ್ಮ ಕೊಟ್ಟಿಗೆಯ ಎರಡು ಶೀಟು ಹಾರಿ ಪಕ್ಕದ ತೋಟಕ್ಕೆ ಬಿದ್ದವು. ಅಲ್ಲಿ ಅವತ್ತು ಯಾರೂ ಇರಲಿಲ್ಲ, ಅದೇ ಪುಣ್ಯ. ಅದೇ ಸಂಜೆ ನೆಂಟರ ಮನೆಯಲ್ಲಿ ಹುಣಸೆ ಮರದ ಕೆಳಗೆ ಕಟ್ಟಿದ್ದ ಹಸು ಸಿಡಿಲಿಗೆ ಸತ್ತಿತು. ಅಲ್ಲಿಂದೀಚೆಗೆ ಯುಗಾದಿ ಮುಗಿಯುತ್ತಿದ್ದ ಹಾಗೆ ನಾನು ಈ ಕೆಲಸಗಳನ್ನು ಶುರು ಮಾಡಿಬಿಡುತ್ತೇನೆ.

ಮೊದಲು ಮೇಲೆ ಹತ್ತಿ ನೋಡಿ. ಶೀಟಿನ ಮನೆಯಾದರೆ ಪ್ರತಿ ಬೋಲ್ಟೂ ಬಿಗಿಯಾಗಿದೆಯಾ, ವಾಷರ್ ಬಿಸಿಲಿಗೆ ಒಡೆದಿದೆಯಾ ಎಂದು ಕೈಯಿಂದ ಮುಟ್ಟಿ ನೋಡಬೇಕು. ಶೀಟು ಹಾರದಿರಲಿ ಅಂತ ಕಲ್ಲು, ಇಟ್ಟಿಗೆ ಹೇರುವುದು ನಮ್ಮ ಕಡೆ ರೂಢಿ. ದಯವಿಟ್ಟು ಬಿಡಿ. ಗಾಳಿ ಜೋರಾದಾಗ ಶೀಟಿನ ಜೊತೆ ಆ ಕಲ್ಲೂ ಬೀಳುತ್ತದೆ, ಕೆಳಗೆ ಯಾರಿರುತ್ತಾರೋ ಗೊತ್ತಿಲ್ಲ. ಹೆಂಚಿನ ಮನೆಯಲ್ಲಿ ಜಾರಿದ ಹೆಂಚು, ಬಿರುಕು ಬಿಟ್ಟ ಹೆಂಚು ಈಗಲೇ ಬದಲಾಯಿಸಿ. ಒದ್ದೆ ಹೆಂಚಿನ ಮೇಲೆ ಆಮೇಲೆ ಹತ್ತುವ ಹಾಗಿಲ್ಲ. ಆರ್‌ಸಿಸಿ ಮನೆಯವರು ತಾರಸಿಯಿಂದ ನೀರು ಇಳಿಯುವ ಪೈಪಿನ ಬಾಯಿಯಲ್ಲಿರುವ ಎಲೆ, ಧೂಳು ತೆಗೆದು ಎರಡು ಬಕೆಟ್ ನೀರು ಸುರಿದು ನೋಡಿ. ಸರಾಗವಾಗಿ ಇಳಿಯಬೇಕು. ತಾರಸಿಯ ಬಿರುಕು ಮುಚ್ಚುವುದಿದ್ದರೆ ಏಪ್ರಿಲ್ ಬಿಟ್ಟರೆ ಬೇರೆ ಕಾಲ ಇಲ್ಲ, ಒಳಗೆ ಪಸೆ ಇದ್ದರೆ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ. ಇನ್ನೊಂದು, ತಾರಸಿ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಖಾಲಿ ಬಿಡಬೇಡಿ. ಖಾಲಿ ಟ್ಯಾಂಕ್ ಗಾಳಿಗೆ ಉರುಳುತ್ತದೆ. ತುಂಬಿದ್ದರೆ 500 ಲೀಟರಿನದು ಅರ್ಧ ಟನ್ ತೂಗುತ್ತದೆ, ಅಲ್ಲಾಡುವುದಿಲ್ಲ.

ಮನೆ ಮೇಲೆ ಬಾಗಿದ ತೆಂಗಿನಮರದ ಒಣಗರಿ, ಬಲಿತ ಕಾಯಿ ಇಳಿಸಿಬಿಡಿ. ಮರ ಹತ್ತುವವರು ಮೇ ತಿಂಗಳಲ್ಲಿ ಕೈಗೆ ಸಿಗುವುದಿಲ್ಲ, ಏಪ್ರಿಲ್‌ನಲ್ಲೇ ಹೇಳಿಡಿ. ಪೇಟೆಯಲ್ಲಿರುವವರು ಗುಲ್‌ಮೊಹರ್ ಮರದ ಕೆಳಗೆ ಗಾಡಿ ನಿಲ್ಲಿಸುವ ಅಭ್ಯಾಸ ಈ ಎರಡು ತಿಂಗಳು ಬಿಡಬೇಕು. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಮೆದು, ಅದರ ಮೇಲೆ ಹೂವಿನ ಭಾರ ಬೇರೆ.

ಇನ್ನು ಸಿಡಿಲು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಬೆಳಗಿನಿಂದ ಕಾದ ನೆಲದ ಬಿಸಿ ಗಾಳಿ ಮೇಲೇಳುತ್ತದೆ, ಸಮುದ್ರದ ಕಡೆಯಿಂದ ಬಂದ ತೇವವನ್ನೂ ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ಈ ಮಳೆ ಹೆಚ್ಚಾಗಿ ಮೂರು ಗಂಟೆ ಮೇಲೆ ಬರುವುದು. ಮಧ್ಯಾಹ್ನ ಎಲೆ ಅಲ್ಲಾಡದ ಹಾಗೆ ಸೆಕೆ, ಮೈ ಬೆವರು ಆರುವುದೇ ಇಲ್ಲ, ದೂರದಲ್ಲಿ ಹೂಕೋಸಿನ ಹಾಗೆ ಮೋಡ ಮೇಲೆ ಮೇಲೆ ಬೆಳೆಯುತ್ತಿದೆ ಅಂದರೆ ಅವತ್ತು ಹೊಲದ ಕೆಲಸ ಬೇಗ ಮುಗಿಸಿ. ಆಮೇಲೆ ಇದ್ದಕ್ಕಿದ್ದ ಹಾಗೆ ಮಣ್ಣಿನ ವಾಸನೆ ಹೊತ್ತ ತಣ್ಣನೆ ಗಾಳಿ ಬೀಸುತ್ತದೆ. ಎಲ್ಲರೂ ಅಬ್ಬಾ ಅಂತ ಹೊರಗೆ ಬಂದು ನಿಲ್ಲುವುದೇ ಆಗ, ಅಲ್ವಾ? ಆ ತಣ್ಣನೆ ಗಾಳಿ ಮಳೆಮೋಡದ ಒಳಗಿನಿಂದಲೇ ಕೆಳಗಿಳಿದು ಬಂದದ್ದು. ಅಂದರೆ ಮೋಡ ಹತ್ತಿರದಲ್ಲೇ ಇದೆ. ಅದು ಒಳಗೆ ಹೋಗುವ ಹೊತ್ತು.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮ ಮೇಲೂ ಬೀಳಬಹುದಾದಷ್ಟು ಹತ್ತಿರ ಇದೆ. ಮಳೆ ಇನ್ನೂ ಹನಿಯದಿದ್ದರೂ ಅಷ್ಟೇ. ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಬರಬೇಡಿ. ಮಳೆ ನಿಂತಿತು ಅಂತ ದನ ಬಿಡಿಸಿಕೊಂಡು ಬರಲು ಓಡುವವರೇ ಜಾಸ್ತಿ ಸಿಕ್ಕಿಬೀಳುವುದು.

ಮರದ ಕೆಳಗೆ ನಿಲ್ಲಬೇಡಿ ಎಂದು ಎಲ್ಲರಿಗೂ ಗೊತ್ತು, ಆದರೂ ನಿಲ್ಲುತ್ತೇವೆ, ಯಾಕೆಂದರೆ ಮೈ ನೆನೆಯುತ್ತದೆ. ನೆನೆಯಿರಿ. ತೆಂಗಿನಮರಕ್ಕೆ ಸಿಡಿಲು ಬಡಿದರೆ ಸುಳಿ ಸುಟ್ಟು ಮರವೇ ಹೋಗುತ್ತದೆ, ಪಕ್ಕದಲ್ಲಿ ನಿಂತವರಿಗೆ ಮರದಿಂದ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಹಸು ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ ಇರುವುದರಿಂದ ನೆಲದ ಕರೆಂಟು ಅವುಗಳ ಮೈಯೊಳಗೇ ಹಾದುಹೋಗುತ್ತದೆ. ಆದ್ದರಿಂದ ಮರಕ್ಕಾಗಲಿ ತಂತಿ ಬೇಲಿಗಾಗಲಿ ದನ ಕಟ್ಟಬೇಡಿ, ಮೂರು ಗಂಟೆಗೆ ಮುಂಚೆ ಕೊಟ್ಟಿಗೆಗೆ ಹೊಡೆದುಕೊಂಡು ಬನ್ನಿ. ಬಯಲಲ್ಲಿ ಸಿಕ್ಕಿಕೊಂಡು ಬೇರೆ ದಾರಿಯೇ ಇಲ್ಲದಿದ್ದರೆ ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ, ಮಲಗಬೇಡಿ. ಬಾಗಿಲು, ಗಾಜು ಹಾಕಿದ ಕಾರು ಪರವಾಗಿಲ್ಲ. ಬೈಕು, ಟ್ರ್ಯಾಕ್ಟರ್, ಆಟೋ ಬೇಡ.

ಮನೆಯೊಳಗೂ ಒಂದಿಷ್ಟು ಜಾಗ್ರತೆ ಬೇಕು. ಸ್ವಿಚ್ ಆರಿಸಿದರೆ ಸಾಲದು, ಟಿವಿ, ಫ್ರಿಜ್ಜಿನ ಪ್ಲಗ್ಗನ್ನೇ ಕೀಳಬೇಕು, ಡಿಶ್ ಕೇಬಲ್ಲನ್ನೂ ಇಂಟರ್ನೆಟ್ ವೈರನ್ನೂ ಬಿಡಿಸಬೇಕು. ಇದೆಲ್ಲ ಗುಡುಗು ಹತ್ತಿರ ಬರುವ ಮುಂಚೆಯೇ ಆಗಬೇಕು, ಬಂದ ಮೇಲೆ ವೈರ್ ಮುಟ್ಟುವುದೇ ತಪ್ಪು. ಮೊಬೈಲ್ ಕೈಯಲ್ಲಿದ್ದರೆ ಸಿಡಿಲು ಎಳೆಯುತ್ತದೆ ಅನ್ನುವುದು ಸುಳ್ಳು, ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಅಪಾಯ. ಆ ಅರ್ಧ ಗಂಟೆ ಸ್ನಾನ, ಪಾತ್ರೆ ತೊಳೆಯುವುದು ಬೇಡ, ಕಿಟಕಿಯ ಕಂಬಿ ಹಿಡಿದು ಮಳೆ ನೋಡುವುದೂ ಬೇಡ. ತೋಟದವರೇ, ಮೋಟಾರ್ ಸ್ಟಾರ್ಟರ್ ಹತ್ತಿರ ಹೋಗಲೇಬೇಡಿ, ಕರೆಂಟು ಬಂದಿದ್ದರೂ.

ಯಾರಿಗಾದರೂ ಸಿಡಿಲು ಹೊಡೆದರೆ ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಮಧ್ಯದಲ್ಲಿ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸಿಡಿಲು ತಗುಲಿದವರು ಎಷ್ಟೋ ಸಲ ಬದುಕುತ್ತಾರೆ, ಸುತ್ತ ನಿಂತವರು ಕೈ ಹಾಕಿದರೆ. ಪುಣೆಯ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ, ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಹೇಳಿ.

ದಾರಿಯಲ್ಲಿ ನೀರು ನಿಂತಿದ್ದರೆ ವಾಪಸ್ ತಿರುಗಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಮುಂಗಾರು ಆಗಿನ್ನೂ ಕೇರಳಕ್ಕೂ ಬಂದಿರಲಿಲ್ಲ. ನೋಡಿದರೆ ಮೊಣಕಾಲುದ್ದ ಅನ್ನಿಸುವ ನೀರು ಎಷ್ಟು ಆಳ ಇದೆಯೋ ಹೇಳಲಾಗದು.

ಹೆದರಿಸುವ ಮಾತು ಜಾಸ್ತಿ ಆಯಿತು, ಆದರೆ ಈ ಮಳೆಯನ್ನು ನಾನು ತುಂಬಾ ಪ್ರೀತಿಯಿಂದ ಕಾಯುತ್ತೇನೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎಂದು ಹಿರಿಯರು ಸುಮ್ನೆ ಹೇಳಿಲ್ಲ. ನಮ್ಮ ಕಡೆ ಹೆಸರು, ಅಲಸಂದೆ, ಎಳ್ಳು ಬಿತ್ತುವುದು ಇದೇ ಹದಕ್ಕೆ. ಬಿತ್ತನೆ ಇಲ್ಲದವರು ನೀರನ್ನಾದರೂ ಹಿಡಿದುಕೊಳ್ಳಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 80 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಮಳೆ ಬಿದ್ದರೆ 1600 ಲೀಟರ್! ಒಂದಿಷ್ಟು ಪೋಲಾದರೂ ಒಂದು ಸಂಜೆಗೆ ಕಡಿಮೆಯೇನಲ್ಲ. ಮೊದಲ ಮಳೆಯ ನೀರು ಮಾತ್ರ ಹಿಡಿಯಬೇಡಿ. ನಾಲ್ಕು ತಿಂಗಳ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ. ಅದು ಗಿಡಕ್ಕೆ ಹೋಗಲಿ. ಆಮೇಲೆ ಪ್ರತಿ ಸಲವೂ ಮೊದಲ ಹತ್ತು ನಿಮಿಷ ಬಿಟ್ಟು ಬಟ್ಟೆ ಕಟ್ಟಿ ಸೋಸಿ ತುಂಬಿಸಿ. ಡ್ರಮ್ಮಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ಅದೇ ತವರು ಮನೆ. ಬರೀ ನೀರು ಚೆಲ್ಲಿದರೆ ಸಾಲದು, ಅದರ ಮೊಟ್ಟೆ ಒಣಗಿದ ಗೋಡೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ವಾರಕ್ಕೊಮ್ಮೆ ಒಳಗೆಲ್ಲ ಉಜ್ಜಿ ತೊಳೆಯಿರಿ. ಹೂಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು ನೋಡುವುದನ್ನು ಮರೆಯಬೇಡಿ.

ತಂಪಾಯಿತು ಅಂತ ನೀರು ಕುಡಿಯುವುದನ್ನು ಬಿಡಬೇಡಿ. ಮಳೆ ಬಂದ ಮರುದಿನದ ಬಿಸಿಲಿಗೆ ಸೆಕೆ ಇನ್ನೂ ಕೆಟ್ಟದಾಗಿರುತ್ತದೆ, ನೀರುಮಜ್ಜಿಗೆ, ಪಾನಕ ಮೃಗಶಿರದವರೆಗೂ ನಡೆಯಲಿ. ಸಂಜೆ ಹೊತ್ತು ದೀಪಕ್ಕೆ ಮಳೆಹುಳ ಮುತ್ತಿಕೊಂಡರೆ ಔಷಧಿ ಹೊಡೆಯಬೇಡಿ. ಅರ್ಧ ಗಂಟೆ ಒಳಗಿನ ದೀಪ ಆರಿಸಿ ಹೊರಗೆ ಒಂದೇ ಒಂದು ಬಲ್ಬು ಹಾಕಿ, ಅತ್ತ ಹೋಗುತ್ತವೆ.

ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಕೃತ್ತಿಕೆಯೊಳಗೆ ಒಣಗಿ ಡಬ್ಬಿ ಸೇರಬೇಕು. ಮುಂಗಾರು ಬಂತೋ ಇಲ್ಲವೋ ಎಂದು ಟಿವಿ ನೋಡುವ ಅಗತ್ಯವೇ ಇಲ್ಲ. ಸಂಜೆ ಮಾತ್ರ ಬರುತ್ತಿದ್ದ ಗಾಳಿ ಬೆಳಗಿನಿಂದಲೇ ಪಡುವಣದಿಂದ ಒಂದೇ ಸಮನೆ ಬೀಸತೊಡಗಿ, ಗುಡುಗು ಕಡಿಮೆಯಾಗಿ, ಮೋಡ ತಗ್ಗಿನಲ್ಲಿ ಓಡಾಡುತ್ತಾ ಸೋನೆ ಹಿಡಿದರೆ ಬಂದ ಹಾಗೇ. 2025ರಲ್ಲಿ ಕೇರಳಕ್ಕೆ ಮೇ 24ಕ್ಕೇ ಬಂದುಬಿಟ್ಟಿತ್ತು, ಹಾಗಾಗಿ ಜೂನ್ ಇನ್ನೂ ದೂರ ಇದೆ ಎಂದು ಕೂರಬೇಡಿ. ಎರಡು ಮಳೆಯ ನಡುವೆ ಒಳ್ಳೆ ಬಿಸಿಲು ಬಿದ್ದ ದಿನ ಕಂಬಳಿ, ಹಾಸಿಗೆ, ದಿಂಬು ಎಲ್ಲ ಹತ್ತು ಗಂಟೆಗೆ ಹೊರಗೆ ಹಾಕಿ, ಮಗುಚಿ ಹಾಕಿ, ಒಂದೂವರೆಗೆ ಒಳಗೆ ತಂದುಬಿಡಿ.