ತಲೆಗೆ ಪೆಟ್ಟು ಬಿದ್ದವರಿಗೆ ಸರ್ಕಾರದ ನೆರವು: ಪಡೆಯುವುದು ಹೇಗೆ?

ಅಪಘಾತವಾಯಿತು, ಜೀವ ಉಳಿಯಿತು, ಈಗ ಓಡಾಡುತ್ತಾರೆ. ಆದರೆ ಗ್ಯಾಸ್ ಆರಿಸಲು ಮರೆಯುತ್ತಾರೆ, ಸಣ್ಣದಕ್ಕೂ ರೇಗುತ್ತಾರೆ, ಯಾವ ಕೆಲಸದಲ್ಲೂ ನಿಲ್ಲುವುದಿಲ್ಲ. ಇಂಥವರಿಗೂ ಮಾಸಾಶನ, ವಿಮೆ ಸಿಗುವ ದಾರಿ ಇದೆ. ಎಷ್ಟೋ ಕುಟುಂಬಗಳು ಅದರಲ್ಲಿ ಒಂದೇ ಜಾಗದಲ್ಲಿ ಎಡವುತ್ತವೆ, ಅದಕ್ಕೇ ಈ ಲೇಖನ.

1. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ. ಅಂಗವೈಕಲ್ಯದ ಶೇಕಡಾ ಜಾಸ್ತಿ ಹಾಕಿಸಿಕೊಡುತ್ತೇವೆ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

2. ಆಸ್ಪತ್ರೆಯ ತಪಾಸಣೆ. ಎಲ್ಲರೂ ಎಡವುವುದು ಇಲ್ಲೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮೆದುಳಿನ ಪೆಟ್ಟು ಅದರಲ್ಲಿ ಬೇರೆಯಾಗಿ ಇಲ್ಲ. ಪೆಟ್ಟಿನಿಂದ ಏನು ಕುಂದಿದೆಯೋ ಅದನ್ನು ಅಳೆಯುತ್ತಾರೆ: ಕೈಕಾಲು, ಮಾತು, ದೃಷ್ಟಿ, ಮನಸ್ಸು. ಮನೆಯವರು ಎಳೆಯುವ ಕಾಲನ್ನಷ್ಟೇ ತೋರಿಸಿ ಬಂದುಬಿಡುತ್ತಾರೆ. ಮರೆವು, ಸಿಟ್ಟು ಲೆಕ್ಕಕ್ಕೇ ಬರುವುದಿಲ್ಲ.

ಮನೋವೈದ್ಯರ ತಪಾಸಣೆಯನ್ನೂ ನೀವಾಗಿಯೇ ಕೇಳಿ. ಅವರು ಬಳಸುವ 'ಐಡಿಯಾಸ್' ಅಳತೆಪಟ್ಟಿ ನೋಡುವುದು ನಾಲ್ಕು ವಿಷಯ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ. ಹೋಗುವ ಮುಂಚೆ ಕೆಲವು ವಾರ ಒಂದು ನೋಟ್‌ಬುಕ್‌ನಲ್ಲಿ ಈ ನಾಲ್ಕರ ಬಗ್ಗೆ ಬರೆದಿಡಿ. 'ಮರೆವು ಜಾಸ್ತಿ' ಎಂದು ಸುಮ್ನೆ ಬರೆದರೆ ಉಪಯೋಗವಿಲ್ಲ. 'ಸ್ನಾನ ಮಾಡಿ ಎಂದು ಮೂರು ಸಲ ಹೇಳಬೇಕು', 'ಅಂಗಡಿಗೆ ಹೋದವರು ದಾರಿ ತಪ್ಪಿದರು' ಎಂದು ತಾರೀಖಿನ ಸಮೇತ ಬರೆಯಿರಿ. ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ವರದಿಯನ್ನೂ ಒಯ್ಯಿರಿ.

ದಿನವೂ ಜೊತೆಗಿರುವವರೇ ಒಳಗೆ ಹೋಗಬೇಕು. ಪೆಟ್ಟು ಬಿದ್ದವರಿಗೆ ತಮ್ಮ ತೊಂದರೆ ತಮಗೇ ಕಾಣದಿರಬಹುದು. 'ನಾನು ಚೆನ್ನಾಗಿದ್ದೀನಿ ಡಾಕ್ಟ್ರೇ' ಎಂದುಬಿಡುತ್ತಾರೆ. ಅವರ ಎದುರು ಹೇಳಲು ಸಂಕೋಚವಾದರೆ ನೋಟ್‌ಬುಕ್ಕನ್ನೇ ವೈದ್ಯರ ಕೈಗೆ ಕೊಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎರಡು ವೈಕಲ್ಯಗಳಿದ್ದರೆ ಶೇಕಡಾಗಳನ್ನು ನೇರವಾಗಿ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ. 40 ಮತ್ತು 30 ಸೇರಿದರೆ 70 ಆಗುವುದಿಲ್ಲ, ಸುಮಾರು 57 ಆಗುತ್ತದೆ. ಹಾಗಿದ್ದರೂ ಎರಡೂ ದಾಖಲಾಗಲೇಬೇಕು. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

3. ಶೇ 40 ಬಂದರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ. ಆದಾಯ ಪ್ರಮಾಣಪತ್ರ ಬೇಕು. ಶೇ 75 ದಾಟಿದರೆ ಮೊತ್ತ ಹೆಚ್ಚು.

4. ಬಹುವಿಧ ವೈಕಲ್ಯ (ಒಂದಕ್ಕಿಂತ ಹೆಚ್ಚು ವೈಕಲ್ಯ) ಎಂದು ದಾಖಲಾಗಿದ್ದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಮಾಡಿಸಿ. ಚಿಕಿತ್ಸೆ, ಥೆರಪಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 'ಮೆದುಳು ಚುರುಕಾಗುವ' ಟಾನಿಕ್‌ಗಳಿಗೆ ಸುರಿಯುವ ದುಡ್ಡು ಥೆರಪಿಗೆ ಹೋಗಲಿ.

5. ನೋಡಿಕೊಳ್ಳುವವರ ಭತ್ಯೆ. ರಾಜ್ಯದ 2024ರ ಬಜೆಟ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಘೋಷಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಯವರಿಗೆ. ಮೆದುಳಿನ ಪೆಟ್ಟಿನವರನ್ನು ಬಿಟ್ಟಿದ್ದು ಅನ್ಯಾಯ. ಹಗಲೂ ರಾತ್ರಿ ಕಾಯುವ ಹೆಂಡತಿ, ತಾಯಿಯ ಕಷ್ಟ ಇಲ್ಲೂ ಅಷ್ಟೇ ಅಲ್ವಾ? ಹೆಚ್ಚಿನ ಆಸರೆ ಬೇಕಾದವರಿಗೆ ಇಂಥ ಭತ್ಯೆ ಇರಬೇಕೆಂದು 2016ರ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಆಸರೆ ಕೋರಿ ಕುಟುಂಬದವರೂ ಅರ್ಜಿ ಹಾಕಲು 38ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಈ ಎರಡನ್ನೂ ಬರೆದು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.